ಕಿತ್ತೂರಿನ ಗೋಡೆಯಲ್ಲೊಂದು ಕಿಂಡಿ

ನಾಲ್ಕು ಗಂಟೆಗೆ ಅಲಾರಂ ಇಟ್ಟಿದ್ದೆ. ಬೆಂಗಳೂರಿನಲ್ಲಿ ಕಂತಿನ ಮೇಲೆ ತಗೊಂಡ ಕ್ಯಾಮೆರಾ, ಟ್ರೈಪಾಡ್ ಎಲ್ಲ ರಾತ್ರಿನೇ ಬ್ಯಾಗಿಗೆ ಸೇರಿದ್ದವು. ಸದ್ದಾಗದಂತೆ ಬಾಗಿಲು ತೆಗೆದರೆ ಕಟ್ಟೆಯ ಮೇಲೆ ಅಪ್ಪ ಆಗಲೇ ಎದ್ದು ಕೂತಿದ್ದರು.

"ಇಷ್ಟ್ ನಸುಕಿನ್ಯಾಗ ಎಲ್ಲಿಗೋ ತಮ್ಮಾ?"

"ಕಿತ್ತೂರಿಗೆ ಅಪ್ಪಾ. ಕ್ವಾಟಿ ಫೋಟೋ ತೆಗೀಲಿಕ್ಕ."

"ತಡಿ, ನಾನೂ ಬರ್ತೀನಿ."

ನಮ್ಮೂರು ಬೈಲಹೊಂಗಲದ ಹತ್ತಿರದ ಹಳ್ಳಿ. ಚಿಕ್ಕಂದಿನಿಂದ ಕಿತ್ತೂರಿನ ಕೋಟೆಯನ್ನು ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ಆದರೆ ಈ ಸಲ ಒಂದು ಹುಚ್ಚು ತಲೆಗೆ ಹತ್ತಿತ್ತು. ಪಾಳುಬಿದ್ದ ಅರಮನೆಯ ಗೋಡೆಯಲ್ಲಿ ಒಂದು ದುಂಡನೆಯ ಕಿಂಡಿ ಇದೆ. ಅದರಲ್ಲಿ ಕಣ್ಣಿಟ್ಟರೆ ಧ್ರುವ ನಕ್ಷತ್ರ ಕಾಣುತ್ತದೆ ಅಂತ ಅಲ್ಲಿಗೆ ಹೋದವರಿಗೆಲ್ಲ ಹೇಳುತ್ತಾರೆ. ಲೆಕ್ಕ ಸರಳ. ಒಂದು ಊರು ಎಷ್ಟು ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆಯೋ, ಅಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಹೆಚ್ಚುಕಮ್ಮಿ ಅಷ್ಟೇ ಡಿಗ್ರಿ ಮೇಲಿರುತ್ತದೆ. ಕಿತ್ತೂರಿಗೆ ಅದು ಸುಮಾರು 15.6. ಕೈ ಚಾಚಿ ಆಕಾಶಕ್ಕೆ ಹಿಡಿದ ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ. ಕಿಂಡಿಯ ಓರೆ ಅಷ್ಟಿದ್ದರೆ ನಕ್ಷತ್ರ ಅದರೊಳಗೇ ಸಿಗಬೇಕು. ಅದರ ಫೋಟೋ ನನಗೆ ಬೇಕಾಗಿತ್ತು.

ಸಿಗಲಿಲ್ಲ. "ಬೆಳಕಾಗ್ಲಿ ತಡೀರಿ, ಕತ್ತಲ್ಯಾಗ ಹುಳ ಹುಪ್ಪಡಿ ಇರ್ತಾವ" ಅಂದರು ಕಾವಲಿನವರು. ಹೊರಗೆ ಕಾಯುತ್ತ ನಿಂತೆವು. ನಾವು ಒಳಗೆ ಹೋಗುವ ಹೊತ್ತಿಗೆ ಮೂಡಣ ಕೆಂಪಾಗಿತ್ತು. ನಕ್ಷತ್ರ ಅಲ್ಲೇ ಇತ್ತು, ಆದರೆ ಬೆಳಕು ಅದನ್ನು ಮುಚ್ಚಿಬಿಟ್ಟಿತ್ತು.

ಕಿತ್ತೂರು ಸಂಸ್ಥಾನ ಶುರುವಾದದ್ದು 1585ರಲ್ಲಿ. ಈ ಕೋಟೆ ಮತ್ತು ಅರಮನೆ 17ನೇ ಶತಮಾನದ ಉತ್ತರಾರ್ಧದಲ್ಲಿ, ಅಲ್ಲಪ್ಪಗೌಡ ದೇಸಾಯಿಯ ಕಾಲದಲ್ಲಿ ಎದ್ದವು. ಈಗ ಉಳಿದಿರುವುದು ಸೂರಿಲ್ಲದ ಕಪ್ಪು ಕಲ್ಲಿನ ಗೋಡೆಗಳು, ದೀಪದ ಗೂಡುಗಳು, ಕಂಬ ನಿಂತಿದ್ದ ಅಡಿಗಲ್ಲುಗಳು. ಬೆಳಗಿನ ಓರೆ ಬಿಸಿಲು ಅವುಗಳ ಮೇಲೆ ಬಿದ್ದಾಗ ಒಂದೊಂದು ಗೂಡಿಗೂ ನೆರಳು ತುಂಬಿಕೊಳ್ಳುತ್ತದೆ. ಫೋಟೋಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ನಮಗೆಲ್ಲ ಕಿತ್ತೂರು ಅಂದರೆ ಕತ್ತಿ, ಕುದುರೆ, 1961ರ ಸಿನಿಮಾದಲ್ಲಿ ಬಿ. ಸರೋಜಾದೇವಿ ಹೇಳಿದ ಮಾತು. ಆದರೆ ಜಗಳ ಶುರುವಾದದ್ದು ಒಂದು ಕಾಗದದಿಂದ ನೋಡ್ರಿ. ಮಲ್ಲಸರ್ಜ ದೇಸಾಯಿ 1816ರಲ್ಲಿ ತೀರಿಕೊಂಡ. ಹಿರಿಯ ರಾಣಿಯ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದ. 1818ರಲ್ಲಿ ಪೇಶ್ವೆಯ ವಿರುದ್ಧ ಕಿತ್ತೂರು ಕಂಪನಿಯ ಕಡೆಗೇ ನಿಂತಿತ್ತು. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ಸತ್ತ. ಸಾಯುವ ಮೊದಲು ಒಬ್ಬ ಹುಡುಗನನ್ನು ದತ್ತಕ ತಗೊಂಡಿದ್ದಾನೆ ಅಂದಿತು ಅರಮನೆ. ಧಾರವಾಡದ ಕಲೆಕ್ಟರ್ ಮತ್ತು ಪೊಲಿಟಿಕಲ್ ಏಜೆಂಟ್ ಸೇಂಟ್ ಜಾನ್ ಥ್ಯಾಕರೆ ನಂಬಲಿಲ್ಲ. ದತ್ತಕ ಆದದ್ದು ಸತ್ತ ಮೇಲೆ ಅಂತ ಅವನ ಅನುಮಾನ. ಖಜಾನೆಗೆ ಮೊಹರು ಬಿತ್ತು, ಕಾವಲು ಕೂತಿತು. ದತ್ತಕ ಒಪ್ಪದೆ ಸಂಸ್ಥಾನಗಳನ್ನು ನುಂಗುವ ಡಾಲ್‌ಹೌಸಿಯ ನೀತಿ ಬಂದದ್ದು 1848ರಲ್ಲಿ. ಕಿತ್ತೂರು ಅದಕ್ಕಿಂತ 24 ವರ್ಷ ಹಿಂದೆಯೇ ಅದರ ರುಚಿ ನೋಡಿತ್ತು.

ಇದನ್ನೆಲ್ಲ ಅಪ್ಪನಿಗೆ ಹೇಳುತ್ತ, ನನ್ನ ಕೆಲಸದ ಬುದ್ಧಿ ತೋರಿಸಿದೆ. ನಮ್ಮಲ್ಲಿ ಪ್ರತಿಯೊಂದಕ್ಕೂ ಟೈಮ್‌ಸ್ಟ್ಯಾಂಪ್ ಇರಬೇಕು. "ಕಾಗದದ ತಾರೀಕಿನ ಬಗ್ಗೆ ಅನುಮಾನ ಬಂದ್ರ ಕೇಳೋದ್ರಾಗ ತಪ್ಪೇನದ ಅಪ್ಪಾ? ಥ್ಯಾಕರೆ ಮಾತಿನ್ಯಾಗೂ ಅರ್ಥ ಇತ್ತು."

ಅಪ್ಪ ಸುಮ್ಮನಾದರು. ಅಡಿಗಲ್ಲೊಂದರ ಮೇಲೆ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಗ ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

ನಮ್ಮಪ್ಪನೂ ದತ್ತಕ ಹೋದವರೇ. ನಾಲ್ಕು ವರ್ಷದವರಿದ್ದಾಗ ಮಕ್ಕಳಿಲ್ಲದ ದೊಡ್ಡಪ್ಪನ ಉಡಿಯಲ್ಲಿ ಹಿರಿಯರ ಮುಂದೆ ಹಾಕಿದ್ದರು. ಕಾಗದ ಮಾಡಿಸುವ ಯೋಚನೆ ಯಾರಿಗೂ ಬರಲಿಲ್ಲ. ದೊಡ್ಡಪ್ಪ ಹಾಸಿಗೆ ಹಿಡಿದ ಮೇಲೆ ಬರೆಸಿದರು. ಆಮೇಲೆ ಭಾಗಾದಿಗಳ ಕೇಸು, ಹನ್ನೊಂದು ವರ್ಷ ಕೋರ್ಟಿನ ಅಲೆದಾಟ. ನನ್ನ ಬಿಇ ಫೀಸು ಬಂದದ್ದು ಆ ಕೇಸು ಗೆದ್ದು ಉಳಿದ ಹೊಲದಿಂದ.

"ಕಾಗದ ಆಮ್ಯಾಲೆ ಆಗಿರಬಹುದು ತಮ್ಮಾ. ಮಗಾ ಮೊದಲಿಂದ ಇದ್ದ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕೇಳೋದು ತಪ್ಪಲ್ಲ. ನಮ್ಮ ಕೇಸಿನ್ಯಾಗೂ ಜಡ್ಜ್ ಸಾಹೇಬ್ರು ಬೇಕಾದಷ್ಟು ಕೇಳಿದ್ರು. ಆದ್ರ ಅವ್ರಿಗೆ ನಮ್ಮ ಹೊಲ ಬೇಕಾಗಿರ್ಲಿಲ್ಲ."

ಇಷ್ಟು ಪುಸ್ತಕ ಓದಿ ನನಗೆ ಹೊಳೆಯದೇ ಇದ್ದದ್ದು ಇದು. ಕಿತ್ತೂರಿನಲ್ಲಿ ಅನುಮಾನ ಪಟ್ಟವರು, ತೀರ್ಪು ಕೊಡುವವರು, ಆಸ್ತಿ ಸೇರಬೇಕಾದವರು ಮೂವರೂ ಒಬ್ಬರೇ ಆಗಿದ್ದರು.

ಮುಂದಿನದು ನಿಮಗೆ ಗೊತ್ತು. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿ 1829ರಲ್ಲಿ ತೀರಿಕೊಂಡಳು. ಅದೇ ಹುಡುಗನ ಹೆಸರಿನಲ್ಲಿ ಮತ್ತೆ ಬಂಡೆದ್ದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

ಇನ್ನೊಂದು ಸಂಗತಿ ಅಷ್ಟಾಗಿ ಯಾರೂ ಹೇಳುವುದಿಲ್ಲ. ಅವತ್ತು ಕಿತ್ತೂರಿನವರು ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನು ಹಿಡಿದು ಕೆಲವು ವಾರ ಒತ್ತೆ ಇಟ್ಟುಕೊಂಡಿದ್ದರು, ಕೊಲ್ಲಲಿಲ್ಲ. ಅವರಲ್ಲಿ ಒಬ್ಬ 21 ವರ್ಷದ ವಾಲ್ಟರ್ ಎಲಿಯಟ್. ಬಿಡುಗಡೆಯಾದ ಮೇಲೂ ಇದೇ ಸೀಮೆಯಲ್ಲಿ ವರ್ಷಗಟ್ಟಲೆ ಇದ್ದು, ನಮ್ಮ ಊರೂರಿನ ಕನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿದ. ಚಾಲುಕ್ಯರ ಇತಿಹಾಸ ಬರೆಯಲು ಆ ನಕಲುಗಳು ಮೊದಲ ಆಧಾರಗಳಲ್ಲಿ ಸೇರಿದವು. ಒಂದು ಕಾಗದವನ್ನು ನಂಬದೆ ಶುರುವಾದ ಗಲಾಟೆಯಿಂದ ಬದುಕಿ ಬಂದವನು ನಮ್ಮ ಕಲ್ಲಿನ ದಾಖಲೆಗಳನ್ನು ಉಳಿಸಿದ.

ಹೊರಡುವ ಮುಂಚೆ ಅಪ್ಪ ಕಿಂಡಿಗೆ ಕಣ್ಣಿಟ್ಟರು. ಬಿಸಿಲು ಆಗಲೇ ಚುರುಕಾಗಿತ್ತು.

"ಏನ್ ಕಾಣತದ ಅಪ್ಪಾ?"

"ಬರೇ ಬೆಳಕು."

ಅಷ್ಟರಲ್ಲಿ ಒಂದು ಕ್ಲಿಕ್ ಮಾಡಿದೆ. ನಕ್ಷತ್ರಕ್ಕಾಗಿ ಮತ್ತೊಮ್ಮೆ ಹೋಗಬೇಕು. ಸದ್ಯಕ್ಕೆ ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಆ ಫೋಟೋ: ಕಪ್ಪು ಗೋಡೆ, ಸಣ್ಣ ಕಿಂಡಿ, ಅದಕ್ಕೆ ಮುಖ ಒತ್ತಿ ನಿಂತ ಒಬ್ಬ ದತ್ತು ಮಗ.