ಹೊಗೆಯನ್ನು ತೂಗುವುದೋ, ಎಣಿಸುವುದೋ?

ಕೆಲವು ದಿನಗಳ ಹಿಂದೆ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಸುರಂಗ ಕಾಮಗಾರಿಯೊಂದರಲ್ಲಿ ಇಂಜಿನಿಯರ್, ಮಾತಿನ ನಡುವೆ ಕೇಳಿದ: "ಸಾರ್, ಹೊಸ ಯಂತ್ರಗಳ ಹೊಗೆಗೇನೋ ನಿಯಮಗಳಿವೆ. ಹಳೆಯ ಡೀಸೆಲ್ ಯಂತ್ರಗಳು ಇನ್ನೂ ಎಷ್ಟೋ ವರ್ಷ ದುಡಿಯುತ್ತವೆ. ಅವುಗಳಿಗೇನು ಮಾಡುವುದು?" ಉತ್ತರ ಹುಡುಕುತ್ತ ಹೊರಟ ನಾನು ತಲುಪಿದ್ದು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತಗಳ ಬುಡಕ್ಕೆ. ಅಲ್ಲಿ ಕಂಡ ಇತಿಹಾಸವನ್ನು ನಿಮ್ಮೆಲ್ಲರೊಡನೆ ಹಂಚಿಕೊಳ್ಳಬೇಕೆನಿಸಿತು.

ಆ ನಾಡಿನಲ್ಲಿ ಸುರಂಗದ ಗಾಳಿಗೆ ಹಳೆಯ ಕಥೆಯೊಂದಿದೆ. 15 ಕಿಲೋಮೀಟರ್ ಉದ್ದದ ಮೊದಲ ಗೊಟ್ಹಾರ್ಡ್ ರೈಲು ಸುರಂಗವನ್ನು 1872ರಿಂದ 1882ರವರೆಗೆ ಕೊರೆದರು. ಡೈನಮೈಟಿನ ಹೊಗೆ, ಉಸಿರುಗಟ್ಟಿಸುವ ಸೆಕೆ, ರೋಗರುಜಿನಗಳ ನಡುವೆ ದುಡಿದವರಲ್ಲಿ ಬಹುಪಾಲು ಇಟಲಿಯ ಬಡ ಕಾರ್ಮಿಕರು. 1875ರಲ್ಲಿ ಕೆಟ್ಟ ಗಾಳಿ ಹಾಗೂ ಕಡಿಮೆ ಕೂಲಿಯ ವಿರುದ್ಧ ಅವರು ಮುಷ್ಕರ ಹೂಡಿದಾಗ ಗುಂಡೇಟಿಗೆ ನಾಲ್ವರು ಬಲಿಯಾದರು. ಗುತ್ತಿಗೆದಾರ ಲೂಯಿ ಫಾವ್ರ್ ಕೂಡ 1879ರಲ್ಲಿ ಸುರಂಗದೊಳಗೇ ಕೊನೆಯುಸಿರೆಳೆದ.

ಶತಮಾನದ ಬಳಿಕ, 1992ರಲ್ಲಿ, ಸ್ವಿಸ್ ಜನತೆ ಆಲ್ಪ್ಸ್ ಅಡಿಯಲ್ಲಿ ಇನ್ನೂ ಉದ್ದದ ರೈಲು ಸುರಂಗಗಳ ಯೋಜನೆಗೆ ಮತ ನೀಡಿದರು. ಹೊಸ ಗೊಟ್ಹಾರ್ಡ್ ಸುರಂಗದ ಉದ್ದ 57 ಕಿಲೋಮೀಟರ್. ಒಳಗೆ ಮಣ್ಣು ಬಾಚುವ, ಕಲ್ಲು ಸಾಗಿಸುವ ಯಂತ್ರಗಳೆಲ್ಲ ಡೀಸೆಲ್ ಕುಡಿದು ಮಸಿ ಕಾರುವಂಥವು. ಕಾರ್ಮಿಕರ ಅಪಘಾತ ವಿಮೆಯ ಹೊಣೆ ಹೊತ್ತ 'ಸುವಾ' ಸಂಸ್ಥೆಗೆ ಚಿಂತೆ ಹತ್ತಿತು. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿದೆಯೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ಎಚ್ಚರಿಸಿತ್ತು. ಫ್ಯಾನು ಹಾಕಿ ಗಾಳಿ ಬೀಸಿದರಷ್ಟೇ ಸಾಲದೆಂಬುದು ಸ್ಪಷ್ಟವಾಗಿತ್ತು.

ಆಗ ಸ್ವಿಸ್, ಆಸ್ಟ್ರಿಯಾ ಮತ್ತು ಜರ್ಮನಿಯ ವಿಮಾ ಸಂಸ್ಥೆಗಳು ಕೂಡಿ 'ವೆರ್ಟ್' ಎಂಬ ಯೋಜನೆಯನ್ನು ಕೈಗೊಂಡವು. ಇಂಜಿನಿಯರ್ ಆಂಡ್ರಿಯಾಸ್ ಮೇಯರ್ ಅದರ ಮುಂಚೂಣಿಯಲ್ಲಿದ್ದರು. ಅವರು ಮಾಡಿದ ಬಹುಮುಖ್ಯ ಕೆಲಸವೆಂದರೆ ಅಳತೆಯ ಕೋಲನ್ನೇ ಬದಲಿಸಿದ್ದು. ಅದುವರೆಗೆ ಮಸಿಯನ್ನು ತೂಗುತ್ತಿದ್ದರು. ಲೆಕ್ಕ ಹಾಕಿ ನೋಡಿ: ವ್ಯಾಸ ಹತ್ತನೇ ಒಂದು ಭಾಗಕ್ಕಿಳಿದರೆ ಕಣದ ತೂಕ ಸಾವಿರದ ಒಂದು ಭಾಗವಾಗುತ್ತದೆ. ಶ್ವಾಸಕೋಶದ ಆಳಕ್ಕಿಳಿಯುವ ಅತಿಸೂಕ್ಷ್ಮ ಕಣಗಳು ಕೋಟಿಗಟ್ಟಲೆ ಇದ್ದರೂ ತಕ್ಕಡಿಗೆ ಅದು ಗೊತ್ತಾಗುವುದೇ ಇಲ್ಲ. ವೆರ್ಟ್ ತಂಡ ಕಣಗಳನ್ನು ಎಣಿಸಿತು. ಇಂಗಾಲದ ಮಾನಾಕ್ಸೈಡನ್ನು ಚೆನ್ನಾಗಿ ತಗ್ಗಿಸುತ್ತಿದ್ದ ಉತ್ಕರ್ಷಣ ವೇಗವರ್ಧಕಗಳು ಘನ ಮಸಿಕಣಗಳ ಮುಂದೆ ನಿರುಪಯುಕ್ತವೆಂಬ ಸತ್ಯ ಆಗ ಹೊರಬಿತ್ತು.

ಉಳಿದ ದಾರಿ ಶೋಧಕ. ಜೇನುಗೂಡಿನಂತಹ ಪಿಂಗಾಣಿ ದಿಮ್ಮಿಯ ಕೊಳವೆಗಳನ್ನು ಒಂದು ಬಿಟ್ಟು ಒಂದರಂತೆ ಮುಚ್ಚಿದರೆ, ಹೊಗೆ ರಂಧ್ರಮಯ ಗೋಡೆಯ ಮೂಲಕವೇ ಸಾಗಬೇಕು. ಈ ರಂಧ್ರಗಳು ಮಸಿಕಣಗಳಿಗಿಂತ ದೊಡ್ಡವು! ಆದರೂ ಕಣಗಳು ಸಿಕ್ಕಿಬೀಳುತ್ತವೆ. ತರಗತಿಯಲ್ಲಿ ನಾನು ಹೇಳಿಕೊಟ್ಟ ಬ್ರೌನಿಯನ್ ಚಲನೆ ನೆನಪಿದೆಯೇ? ಆ ತಡಕಾಟದಲ್ಲೇ ಅವು ಗೋಡೆಗೆ ಅಂಟುತ್ತವೆ. ತೊಡಕಿದ್ದುದು ಸೇರಿದ ಮಸಿಯನ್ನು ಸುಡುವುದರಲ್ಲಿ. ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ನಿಂತು ನಿಂತು ದುಡಿಯುವ ಯಂತ್ರದ ಹೊಗೆ ಅಷ್ಟು ಬಿಸಿಯಾಗದು. ಸುಡದಿದ್ದರೆ ಶೋಧಕ ಕಟ್ಟಿಕೊಳ್ಳುತ್ತದೆ. ಒಮ್ಮೆಲೇ ಹೊತ್ತಿಕೊಂಡರೆ ಪಿಂಗಾಣಿಯೇ ಬಿರಿಯಬಹುದು. ಆದ್ದರಿಂದ ಪ್ರತಿ ಯಂತ್ರದ ಉಷ್ಣತೆ, ಒತ್ತಡಗಳನ್ನು ಅಳೆದು, ಇಂಧನಕ್ಕೆ ಕಬ್ಬಿಣ ಅಥವಾ ಸೀರಿಯಂ ಬೆರೆಸಿಯೋ, ಬರ್ನರ್ ಜೋಡಿಸಿಯೋ ಅದಕ್ಕೊಪ್ಪುವ ಉಪಾಯ ಮಾಡಬೇಕಾಯಿತು. ಗಂಧಕ ಕಡಿಮೆಯಿರುವ ಡೀಸೆಲ್ಲೂ ಬೇಕಾಯಿತು.

ಹೀಗೆ ಶೋಧಕ ಧರಿಸಿದ ಯಂತ್ರಗಳು ಆಲ್ಪ್ಸ್ ಒಡಲಿನಲ್ಲಿ ದುಡಿದವು. 2002ರಲ್ಲಿ ಸ್ವಿಸ್ ಪರಿಸರ ಇಲಾಖೆಯ ನಿರ್ದೇಶನ ಇದೇ ಪದ್ಧತಿಯನ್ನು ಸುರಂಗದಾಚೆಯ ಕಟ್ಟಡ ಕಾಮಗಾರಿಗಳಿಗೂ ವಿಸ್ತರಿಸಿತು. 2009ರಿಂದ ಅಲ್ಲಿನ ಕಾನೂನು ಕಾಮಗಾರಿ ಯಂತ್ರಗಳಿಗೆ ತೂಕದ ಜೊತೆಗೆ ಕಣಗಳ ಸಂಖ್ಯೆಯ ಮಿತಿಯನ್ನೂ ವಿಧಿಸಿತು. 2012ರಲ್ಲಿ ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ಖಚಿತವಾಗಿ ಘೋಷಿತವಾದಾಗ, ಆ ಕಾರ್ಮಿಕರಿಗಾಗಿ ತೆಗೆದುಕೊಂಡ ಎಚ್ಚರಿಕೆ ಹುಸಿಯಾಗಿರಲಿಲ್ಲವೆಂದು ತಿಳಿಯಿತು. ಹೊಸ ಗೊಟ್ಹಾರ್ಡ್ ಸುರಂಗ 2016ರ ಜೂನ್ 1ರಂದು ಉದ್ಘಾಟನೆಯಾಯಿತು. ಯುರೋಪು ಒಕ್ಕೂಟವೂ 2019ರಿಂದ ಹಂತಹಂತವಾಗಿ ಇಂಥ ಹೊಸ ಇಂಜಿನ್ನುಗಳಿಗೆ ಎಣಿಕೆಯ ನಿಯಮವನ್ನು ತಂದಿತು.

ಹಳೆಯದನ್ನು ಎಸೆಯುವ ಶಕ್ತಿ ಎಲ್ಲರಿಗಿಲ್ಲ. ಹಾಗೆಂದು ಅದರ ಹೊಗೆಯನ್ನು ಕೂಲಿಯವನೇ ಕುಡಿಯಲೆನ್ನುವುದು ನ್ಯಾಯವೂ ಅಲ್ಲ. ಇವೆರಡರ ನಡುವಿನ ದಾರಿಯನ್ನು ಆ ತಂಡ ತೋರಿಸಿಕೊಟ್ಟಿತು. ನಮ್ಮ ದೆಹಲಿ ಪ್ರದೇಶದಲ್ಲಿಯೂ 2023ರಿಂದ ಡೀಸೆಲ್ ಜನರೇಟರುಗಳಿಗೆ ಹೊಗೆ ತಗ್ಗಿಸುವ ಸಾಧನ ಜೋಡಿಸುವ ನಿಯಮ ಬಂದಿರುವುದು ಸಮಾಧಾನದ ಸಂಗತಿ.

ನನ್ನ ವಿದ್ಯಾರ್ಥಿಗೆ ಹೇಳಿದ್ದು ಇಷ್ಟೇ: "ಯಂತ್ರ ಹಳೆಯದಾಗಿರಲಿ ಮಗು, ಅಳತೆ ಮಾತ್ರ ಸರಿಯಾಗಿರಲಿ. ಮೊದಲು ಎಣಿಸು, ಆಮೇಲೆ ಶೋಧಕ ಕೂಡಿಸು."