ಹಳೆಯ ಪ್ಲಾಸ್ಟಿಕ್ ಜೆಟ್ ವಿಮಾನ ಕಿಟ್‌ಗಳ ಜೋಡಣೆ

ಹಳೆಯ ಪ್ಲಾಸ್ಟಿಕ್ ಜೆಟ್ ವಿಮಾನ ಕಿಟ್‌ಗಳ ಜೋಡಣೆಯು ಪ್ರಮಾಣಬದ್ಧ ಮಾದರಿ ತಯಾರಿಕೆ ಎಂಬ ಹವ್ಯಾಸದ ಒಂದು ಶಾಖೆ. 1950ರ ದಶಕದಿಂದ 1980ರ ದಶಕದವರೆಗೆ ತಯಾರಾದ ಪಾಲಿಸ್ಟೈರೀನ್ ಬಿಡಿಭಾಗಗಳನ್ನು ಅಂಟಿಸಿ, ಬಣ್ಣ ಹಚ್ಚಿ, ಜೆಟ್ ವಿಮಾನದ ಕಿರು ಪ್ರತಿಕೃತಿಯನ್ನು ರೂಪಿಸುವುದು ಇದರ ಉದ್ದೇಶ. ಹೊಸ ಕಿಟ್ ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು. ಐವತ್ತು ವರ್ಷ ಹಳೆಯದಾದ, ಪೆಟ್ಟಿಗೆ ಸಮೇತ ಉಳಿದುಬಂದ ಕಿಟ್ಟಿನ ವಿಷಯದಲ್ಲಿ ಆ ಸೌಲಭ್ಯವಿಲ್ಲ. ಅಂಟು ತಗುಲಿದ ಮೇಲೆ ಭಾಗಗಳನ್ನು ಮೊದಲಿನ ಸ್ಥಿತಿಗೆ ತರಲಾಗದು. ಆದುದರಿಂದ ಇದನ್ನು ಜೋಡಿಸಬೇಕೆ, ಹಾಗೆಯೇ ಕಾಪಾಡಬೇಕೆ ಎಂಬ ಪ್ರಶ್ನೆಯೇ ಇಲ್ಲಿ ಮೊದಲನೆಯದು.

ಹಿನ್ನೆಲೆ

ಪ್ಲಾಸ್ಟಿಕ್ ವಿಮಾನ ಮಾದರಿಗಳು ಜೆಟ್ ಯುಗಕ್ಕಿಂತ ಹಳೆಯವು. ಬ್ರಿಟನ್ನಿನ ಫ್ರಾಗ್ ಸಂಸ್ಥೆಯು 1936ರಲ್ಲಿಯೇ 'ಪೆಂಗ್ವಿನ್' ಎಂಬ ಹೆಸರಿನಲ್ಲಿ 1:72 ಪ್ರಮಾಣದ ಕಿಟ್‌ಗಳನ್ನು ಹೊರತಂದಿತ್ತು. ಆಗ ಬಳಸುತ್ತಿದ್ದುದು ಸೆಲ್ಯುಲೋಸ್ ಅಸಿಟೇಟ್. ಅದು ಕಾಲಕ್ರಮದಲ್ಲಿ ಸೊಟ್ಟಗಾಗುತ್ತದೆ. ಎರಡನೆಯ ಮಹಾಯುದ್ಧದ ತರುವಾಯ ಪಾಲಿಸ್ಟೈರೀನ್ ಬಳಕೆಗೆ ಬಂದು, ಬ್ರಿಟನ್ನಿನಲ್ಲಿ ಏರ್‌ಫಿಕ್ಸ್, ಅಮೆರಿಕದಲ್ಲಿ ರೆವೆಲ್, ಮೊನೊಗ್ರಾಮ್, ಲಿಂಡ್‌ಬರ್ಗ್, ಅರೋರಾ ಮುಂತಾದವು ಬೆಳೆದವು. 1939ರಲ್ಲಿ ನಿಕೊಲಸ್ ಕೋವ್ ಸ್ಥಾಪಿಸಿದ ಏರ್‌ಫಿಕ್ಸ್ ಮೊದಲು ಗಾಳಿ ತುಂಬುವ ರಬ್ಬರ್ ಆಟಿಕೆಗಳನ್ನೂ ಬಳಿಕ ಬಾಚಣಿಗೆಗಳನ್ನೂ ತಯಾರಿಸುತ್ತಿತ್ತು ಎಂಬುದು ಸ್ವಾರಸ್ಯದ ಸಂಗತಿ.

ಅಂದಿನ ಅನೇಕ ಅಮೆರಿಕನ್ ಕಿಟ್‌ಗಳಿಗೆ ನಿಶ್ಚಿತ ಪ್ರಮಾಣವಿರಲಿಲ್ಲ. ಪೆಟ್ಟಿಗೆಯ ಅಳತೆಗೆ ಹೊಂದುವಂತೆ ವಿಮಾನವನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ಅಚ್ಚು ಮಾಡುತ್ತಿದ್ದುದರಿಂದ, ಒಂದೇ ಸಂಸ್ಥೆಯ ಬಾಂಬರ್ ಮತ್ತು ಫೈಟರ್ ಮಾದರಿಗಳು ಕಪಾಟಿನಲ್ಲಿ ಒಂದೇ ಗಾತ್ರದವಾಗಿ ಕಾಣುವುದುಂಟು.

ಕಿಟ್ ಒಂದು ದಾಖಲೆಯಾಗಿ

ಶೀತಲ ಸಮರದ ಕಾಲದಲ್ಲಿ ಜೆಟ್ ವಿಮಾನಗಳ ನಿಜವಾದ ರೂಪ ಬಹುಮಟ್ಟಿಗೆ ರಹಸ್ಯವಾಗಿತ್ತು. ತಯಾರಕರು ಮಸುಕಾದ ಛಾಯಾಚಿತ್ರಗಳನ್ನೂ ಊಹೆಯನ್ನೂ ನೆಚ್ಚಿ ಅಚ್ಚು ಕೊರೆಸುತ್ತಿದ್ದರು. ಇದಕ್ಕೆ ಪ್ರಸಿದ್ಧ ನಿದರ್ಶನ, ಅಮೆರಿಕದ ಟೆಸ್ಟರ್ಸ್ ಸಂಸ್ಥೆ 1986ರಲ್ಲಿ ಹೊರತಂದ 'ಎಫ್-19 ಸ್ಟೆಲ್ತ್ ಫೈಟರ್'. ಅಂತಹ ಹೆಸರಿನ ವಿಮಾನವೇ ಇರಲಿಲ್ಲ. 1988ರ ನವೆಂಬರಿನಲ್ಲಿ ಅಮೆರಿಕದ ಸರಕಾರ ಎಫ್-117 ವಿಮಾನವನ್ನು ಬಹಿರಂಗಪಡಿಸಿದಾಗ, ಮಾದರಿಯ ನುಣುಪಾದ ಬಾಗುಗಳಿಗೂ ನಿಜ ವಿಮಾನದ ಚಪ್ಪಟೆ ಮುಖಗಳಿಗೂ ಹೋಲಿಕೆ ಇಲ್ಲವೆಂದು ತಿಳಿಯಿತು. ಆದರೂ ಆ ಕಿಟ್ ನಿರುಪಯೋಗಿಯಲ್ಲ. 1986ರ ಜನ ಏನನ್ನು ಊಹಿಸಿದ್ದರು ಎಂಬುದಕ್ಕೆ ಅದು ಸಾಕ್ಷಿ. ಹಳೆಯ ಕಿಟ್ಟಿನ ತಪ್ಪುಗಳನ್ನೆಲ್ಲ ತಿದ್ದಿಬಿಡುವ ಉತ್ಸಾಹ ಕೆಲವೊಮ್ಮೆ ಈ ಸಾಕ್ಷಿಯನ್ನೇ ಅಳಿಸಿಹಾಕುತ್ತದೆ.

ಜೋಡಿಸಲೇಬೇಕೆಂದಿದ್ದರೆ, ಅದೇ ಅಚ್ಚಿನಿಂದ ಮುಂದೆ ಮರುತಯಾರಿಕೆ ಆಗಿದೆಯೇ ಎಂದು ವಿಚಾರಿಸುವುದು ವಿವೇಕ. ಉಕ್ಕಿನ ಅಚ್ಚುಗಳು ಸಂಸ್ಥೆಗಳಿಗಿಂತ ದೀರ್ಘಾಯುಷಿಗಳು. ಫ್ರಾಗ್‌ನ ಅನೇಕ ಅಚ್ಚುಗಳು 1970ರ ದಶಕದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ 'ನೋವೋ' ಹೆಸರಿನಲ್ಲಿ ಮತ್ತೆ ಮಾರಾಟವಾದವು. ಏರ್‌ಫಿಕ್ಸ್ 1981ರಲ್ಲಿ ದಿವಾಳಿಯಾಗಿ, ಹಲವು ಕೈಗಳನ್ನು ದಾಟಿ, 2006ರಲ್ಲಿ ಹಾರ್ನ್‌ಬಿ ಸಂಸ್ಥೆಯ ವಶವಾಯಿತು. ಅದರ ಹಳೆಯ ಅಚ್ಚುಗಳಲ್ಲಿ ಕೆಲವು ಈಗ 'ವಿಂಟೇಜ್ ಕ್ಲಾಸಿಕ್ಸ್' ಎಂಬ ಶೀರ್ಷಿಕೆಯಲ್ಲಿ ದೊರೆಯುತ್ತವೆ. ಅದೇ ಪ್ಲಾಸ್ಟಿಕ್ ಹೊಸ ಪೆಟ್ಟಿಗೆಯಲ್ಲಿ ಸಿಗುವಾಗ ಮೂಲ ಪ್ರತಿಯನ್ನು ಒಡೆಯಬೇಕಾದ ಅಗತ್ಯವಿಲ್ಲ.

ಜೋಡಣೆ

ಭಾಗಗಳ ಮೇಲೆ ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಉಳಿದಿರಬಹುದು. ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು ಒಣಗಿಸದಿದ್ದರೆ ಬಣ್ಣ ಹಿಡಿಯುವುದಿಲ್ಲ. ಬಾಗಿದ ರೆಕ್ಕೆಯನ್ನು ಕುದಿಯದಷ್ಟು ಬಿಸಿಯಾದ ನೀರಿನಲ್ಲಿ ಅದ್ದಿ ಮೆಲ್ಲಗೆ ನೇರಗೊಳಿಸಬಹುದು. ಕೆಲವು ಕಿಟ್‌ಗಳಲ್ಲಿ ಮೃದುವಾದ ವಿನೈಲ್ ಟೈರುಗಳಿರುತ್ತವೆ. ಅವುಗಳಿಂದ ಒಸರುವ ರಾಸಾಯನಿಕವು ಪಕ್ಕದ ಪಾಲಿಸ್ಟೈರೀನನ್ನು ಕರಗಿಸುವುದರಿಂದ, ಜೋಡಿಸದೆ ಇಟ್ಟ ಕಿಟ್ಟಿನಲ್ಲಿಯೂ ಅವನ್ನು ಬೇರೆಯಾಗಿ ಇರಿಸಬೇಕು.

ಅಂಟು ಹಾಕುವ ಮುನ್ನ ಎಲ್ಲ ಭಾಗಗಳನ್ನು ಒಮ್ಮೆ ಬರಿದೇ ಕೂಡಿಸಿ ನೋಡುವುದು ವಾಡಿಕೆ. ಹಳೆಯ ಕಿಟ್‌ಗಳಲ್ಲಿ ವಿಮಾನದ ಒಡಲಿನ ಎರಡು ಹೋಳುಗಳು ನಿಖರವಾಗಿ ಕೂಡುವುದು ಅಪರೂಪ. ಅಂಚಿನಲ್ಲಿ ಚಾಚಿಕೊಂಡ ತೆಳು ಪ್ಲಾಸ್ಟಿಕ್ ಪೊರೆಯನ್ನು ಚಾಕುವಿನಿಂದ ಹೆರೆಯಬೇಕು. ದಪ್ಪ ಭಾಗಗಳು ತಣಿಯುವಾಗ ಉಂಟಾದ ತಗ್ಗುಗಳನ್ನು ಪುಟ್ಟಿಯಿಂದ ತುಂಬಿ ಸ್ಯಾಂಡ್ ಪೇಪರಿನಿಂದ ಉಜ್ಜಬೇಕು. ಪೆಟ್ಟಿಗೆಯಲ್ಲಿ ಸಿಕ್ಕ ಹಳೆಯ ಟ್ಯೂಬ್ ಅಂಟು ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಅದರ ಬದಲು ಕುಂಚದಿಂದ ಹಚ್ಚುವ ದ್ರವ ಅಂಟು ಉತ್ತಮ: ಅದು ಸಂದಿಯೊಳಗೆ ತಾನಾಗಿಯೇ ಹರಿದು ಪ್ಲಾಸ್ಟಿಕನ್ನೇ ಕರಗಿಸಿ ಬೆಸೆಯುತ್ತದೆ. ಇದರ ಆವಿ ಹಾನಿಕರ. ಕಿಟಕಿ ತೆರೆದಿರಬೇಕು, ಮಕ್ಕಳು ಹಿರಿಯರ ಜೊತೆಯಲ್ಲಿಯೇ ಕೆಲಸ ಮಾಡಬೇಕು.

ಜೆಟ್ ಮಾದರಿಗಳಿಗೆ ವಿಶಿಷ್ಟವಾದ ತೊಡಕೊಂದಿದೆ. ಬಹುತೇಕ ಜೆಟ್‌ಗಳು ಮೂತಿಯಡಿಯ ಗಾಲಿಯ ಮೇಲೆ ನಿಲ್ಲುವಂಥವು. ಮಾದರಿಯ ಭಾರ ಹಿಂದಕ್ಕೆ ಬಿದ್ದರೆ ಅದು ಬಾಲದ ಮೇಲೆ ಕುಳಿತುಬಿಡುತ್ತದೆ. ಒಡಲನ್ನು ಮುಚ್ಚುವ ಮೊದಲೇ ಮೂತಿಯೊಳಗೆ ಸೈಕಲ್ಲಿನ ಬೇರಿಂಗ್ ಗುಂಡುಗಳಂತಹ ತೂಕವನ್ನು ಅಂಟಿಸಿದರೆ ಈ ಸಮಸ್ಯೆಯಿಲ್ಲ. ಚಾಲಕನ ಪಾರದರ್ಶಕ ಮುಚ್ಚಳಕ್ಕೆ ಫೆವಿಕಾಲ್‌ನಂತಹ ಬಿಳಿ ಅಂಟೇ ತಕ್ಕುದು. ಸೂಪರ್ ಗ್ಲೂವಿನ ಆವಿಯಿಂದ ಅದು ಮಂಜು ಕವಿದಂತಾಗುತ್ತದೆ.

ಉಬ್ಬು ಗೆರೆಗಳ ವಿವಾದ

ಹಳೆಯ ಅಚ್ಚುಗಳಲ್ಲಿ ಲೋಹದ ತಗಡುಗಳ ಸಂದಿಯನ್ನು ಉಬ್ಬು ಗೆರೆಯಾಗಿಯೂ ರಿವೆಟ್‌ಗಳನ್ನು ಉಬ್ಬು ಚುಕ್ಕಿಗಳಾಗಿಯೂ ತೋರಿಸಲಾಗಿದೆ. 1:72 ಪ್ರಮಾಣದಲ್ಲಿ ಕಾಲು ಮಿಲಿಮೀಟರ್ ಎತ್ತರದ ಚುಕ್ಕಿಯು ನಿಜ ವಿಮಾನದಲ್ಲಿ 18 ಮಿಲಿಮೀಟರ್ ಉಬ್ಬಾದೀತು. ವೇಗದ ಜೆಟ್ಟಿನ ಮೈ ಹಾಗಿರುವುದು ಅಸಂಭವ. ಅದಕ್ಕಾಗಿ ಹಲವರು ಇವನ್ನು ಉಜ್ಜಿ ತೆಗೆದು ಸೂಜಿಯಿಂದ ಹೊಸ ಗೆರೆ ಕೊರೆಯುತ್ತಾರೆ. ಇದು ಬಹಳ ಶ್ರಮದ ಕೆಲಸ. ಕೈ ಜಾರಿದರೆ ಗೀರು ಉಳಿಯುತ್ತದೆ. ನಿಖರತೆಯೇ ಗುರಿಯಾದರೆ ಹೊಸ ಕಿಟ್ ಕೊಳ್ಳುವುದು ಸುಲಭ. ಹಳೆಯದನ್ನು ಆರಿಸಿಕೊಂಡವರು ಉಬ್ಬು ಗೆರೆಗಳನ್ನೂ ಉಳಿಸಿಕೊಳ್ಳುವುದೇ ಸಮಂಜಸ.

ಬಣ್ಣ ಮತ್ತು ಡೆಕಾಲ್

ಹೊಳೆಯುವ ಲೋಹದ ಮೈಯುಳ್ಳ ಜೆಟ್‌ಗಳಿಗೆ ಬಣ್ಣ ಹಚ್ಚುವುದು ಕಠಿಣ. ಬೆಳ್ಳಿ ಬಣ್ಣವು ಪ್ರತಿಯೊಂದು ಗೀರನ್ನೂ ಬೆರಳಚ್ಚನ್ನೂ ಎತ್ತಿ ತೋರಿಸುತ್ತದೆ. ಮೊದಲು ಹೊಳಪಿನ ಕಪ್ಪು ಬಣ್ಣವನ್ನು ತೆಳುವಾಗಿ ಸಿಂಪಡಿಸಿ, ಅದು ಪೂರ್ತಿ ಒಣಗಿದ ಮೇಲೆ ಲೋಹದ ಬಣ್ಣ ಸಿಂಪಡಿಸುವುದು ಪ್ರಚಲಿತ ವಿಧಾನ. ಮಳೆಗಾಲದ ತೇವದಲ್ಲಿ ಸಿಂಪಡಿಸಿದ ವಾರ್ನಿಷ್ ಬೆಳ್ಳಗೆ ಮಬ್ಬಾಗುವುದುಂಟು. ಕರಾವಳಿ, ಮಲೆನಾಡುಗಳ ಹವ್ಯಾಸಿಗಳು ಬಿಸಿಲು ದಿನಕ್ಕಾಗಿ ಕಾಯುವುದು ಒಳಿತು.

ನೀರಿನಲ್ಲಿ ನೆನೆಸಿ ಅಂಟಿಸುವ ಡೆಕಾಲ್‌ಗಳೇ ಹಳೆಯ ಕಿಟ್ಟಿನ ಅತಿ ದುರ್ಬಲ ಅಂಗ. ಹಳದಿಯಾಗಿದ್ದರೆ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಕೆಲವು ದಿನ ಅಂಟಿಸಿಟ್ಟರೆ ಹಳದಿ ಕಡಿಮೆಯಾಗುತ್ತದೆ. ಅನಂತರ ಬೇಡವಾದ ಒಂದು ಡೆಕಾಲನ್ನು ನೀರಿನಲ್ಲಿ ಹಾಕಿ ಪರೀಕ್ಷಿಸಬೇಕು. ಅದು ಚೂರಾದರೆ ಉಳಿದ ಹಾಳೆಗೆ ಪಾರದರ್ಶಕ ವಾರ್ನಿಷ್ ಸಿಂಪಡಿಸಿ, ಒಣಗಿದ ಮೇಲೆ ಒಂದೊಂದನ್ನೂ ಅಂಚಿಗೆ ಒತ್ತಾಗಿ ಕತ್ತರಿಸಿಕೊಳ್ಳಬೇಕು. ಈ ಪರೀಕ್ಷೆಗೆ ಮೊದಲೇ ಹಾಳೆಯ ನಕಲನ್ನು ಸ್ಕ್ಯಾನ್ ಮಾಡಿಟ್ಟುಕೊಂಡರೆ, ಎಲ್ಲವೂ ಕೆಟ್ಟರೂ ಮರುಮುದ್ರಣಕ್ಕೆ ದಾರಿ ಇರುತ್ತದೆ.

ನ್ಯಾಟ್ ವಿಮಾನದ ಮಾದರಿ

ಕರ್ನಾಟಕದ ಓದುಗರಿಗೆ ಆಸಕ್ತಿದಾಯಕವಾದುದು ಫಾಲಂಡ್ ನ್ಯಾಟ್. ಟೆಡ್ಡಿ ಪೆಟರ್ ವಿನ್ಯಾಸಗೊಳಿಸಿದ ಈ ಪುಟ್ಟ ಬ್ರಿಟಿಷ್ ಜೆಟ್ಟನ್ನು ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಪರವಾನಗಿಯ ಮೇರೆಗೆ ತಯಾರಿಸಿತು. ಮುಂದೆ ಅದನ್ನೇ ಸುಧಾರಿಸಿ 'ಅಜೀತ್' ರೂಪಿಸಿತು. ಏರ್‌ಫಿಕ್ಸ್‌ನ 1960ರ ದಶಕದ 1:72 ಕಿಟ್ ಮಾತ್ರ ಭಾರತದ ವಾಯುಪಡೆ ಹಾರಿಸಿದ ಒಂದು ಆಸನದ ಫೈಟರ್ ಅಲ್ಲ. ಬ್ರಿಟನ್ನಿನ ರೆಡ್ ಆರೋಸ್ ತಂಡವು 1979ರವರೆಗೆ ಬಳಸಿದ ಎರಡು ಆಸನಗಳ ತರಬೇತಿ ವಿಮಾನ. ಹಿಂದಿನ ಆಸನವನ್ನು ಮುಚ್ಚಿ ಕೇಸರಿ, ಬಿಳಿ, ಹಸಿರಿನ ವೃತ್ತಗಳನ್ನು ಅಂಟಿಸಿದ ಮಾತ್ರಕ್ಕೆ ಅದು ಭಾರತದ ನ್ಯಾಟ್ ಆಗುವುದಿಲ್ಲ. ತರಬೇತಿ ವಿಮಾನದ ಒಡಲು ಉದ್ದ, ರೆಕ್ಕೆ ದೊಡ್ಡದು. ಫೈಟರಿನ ರೆಕ್ಕೆಗಳ ಅಗಲ ಸುಮಾರು 6.7 ಮೀಟರ್, ಅಂದರೆ ಮಾದರಿಯಲ್ಲಿ 9.3 ಸೆಂಟಿಮೀಟರ್, ತರಬೇತಿ ವಿಮಾನದ್ದು ಸುಮಾರು 7.3 ಮೀಟರ್, ಮಾದರಿಯಲ್ಲಿ 10 ಸೆಂಟಿಮೀಟರಿಗೂ ತುಸು ಹೆಚ್ಚು. ಪೆಟ್ಟಿಗೆಯಲ್ಲಿರುವ ರೆಕ್ಕೆಯನ್ನು ಸ್ಕೇಲಿನಿಂದ ಅಳೆದರೆ ಎರಡರ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.