ಭೂ ಒಡೆತನ ಮತ್ತು ಸಂವಿಧಾನ: ಶಿರಸಿ, ಸಿದ್ದಾಪುರ, ಯಲ್ಲಾಪುರ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳಲ್ಲಿ ಗದ್ದೆ, ತೋಟ, ಬೆಟ್ಟಗಳ ಒಡೆತನವನ್ನು ಇಪ್ಪತ್ತನೆಯ ಶತಮಾನದಲ್ಲಿ ನಿರ್ಧರಿಸಿದ್ದು ಬರೀ ಮಾರಾಟ, ಪಾಲುಪಟ್ಟಿಗಳಲ್ಲ; ಮುಟ್ಟುಗೋಲು, ಗೇಣಿ ಶಾಸನ ಮತ್ತು ಸಂವಿಧಾನದ ತಿದ್ದುಪಡಿಗಳು. ಸರ್ಕಾರ ಕಿತ್ತುಕೊಂಡ ಭೂಮಿ ಯಾರಿಗೆ ಸೇರಬೇಕು, ಅದನ್ನು ತೀರ್ಮಾನಿಸುವ ಅಧಿಕಾರಕ್ಕೆ ಮಿತಿ ಎಲ್ಲಿ ಎಂಬ ಪ್ರಶ್ನೆಗಳನ್ನು 1989ರ ನಂತರ ಕಮ್ಯುನಿಸ್ಟ್ ಆಳ್ವಿಕೆಯಿಂದ ಹೊರಬಂದ ದೇಶಗಳು ತಮ್ಮ ಸಂವಿಧಾನಗಳಲ್ಲಿ ಎದುರಿಸಿದವು. ಈ ಅಡಿಕೆ ಸೀಮೆ ಅವನ್ನು ಅದಕ್ಕಿಂತ ಮೊದಲೇ, ಬೇರೆ ದಿಕ್ಕಿನಿಂದ ಕಂಡಿತ್ತು.

ಮುಟ್ಟುಗೋಲು ಮತ್ತು ಮರಳಿಕೆ

1862ರಲ್ಲಿ ಉತ್ತರ ಕನ್ನಡ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ವರ್ಗವಾಯಿತು. ಮುಂದಿನ ಶಾಸನಗಳ ಕಥೆಗೆಲ್ಲ ಈ ವರ್ಗಾವಣೆಯೇ ತಳಪಾಯ. 1930ರ ಕಾಯ್ದೆಭಂಗ ಚಳವಳಿಯಲ್ಲಿ ಸಿದ್ದಾಪುರ ಮತ್ತು ಅಂಕೋಲಾ ತಾಲ್ಲೂಕುಗಳು ಕರನಿರಾಕರಣೆಗೆ ಇಳಿದವು. ಕಂದಾಯ ಕೊಡದವರ ಜಮೀನನ್ನು ಸರ್ಕಾರ ಮುಟ್ಟುಗೋಲು ಹಾಕಿ ಹರಾಜು ಕೂಗಿತು.

1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂತು. ಕಳೆದುಕೊಂಡವರಿಗೆ ಭೂಮಿ ಮರಳಿಸಬೇಕೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ತೊಡಕಿದ್ದದ್ದು ಹರಾಜಿನಲ್ಲಿ ಕೊಂಡವರದು: ಅವರ ಹಕ್ಕೂ ಕಾನೂನುಬದ್ಧವೇ, ಮೇಲಾಗಿ 1935ರ ಭಾರತ ಸರ್ಕಾರ ಕಾಯ್ದೆಯ 299ನೇ ಕಲಮು ಪರಿಹಾರವಿಲ್ಲದೆ ಆಸ್ತಿ ಕಸಿಯುವುದನ್ನು ತಡೆಯುತ್ತಿತ್ತು. ಆದ್ದರಿಂದ ಶಾಸನಸಭೆ 1938ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿ ಭೂಮಿಯನ್ನು ಹಿಂದಕ್ಕೆ ತರಬೇಕಾಯಿತು. ಸ್ವಾತಂತ್ರ್ಯ ಹೋರಾಟದ ನೆನಪುಗಳಲ್ಲಿ ಜಪ್ತಿಯ ವರ್ಣನೆ ಹೇರಳ, ಈ ಕಾಯ್ದೆಯ ಪ್ರಸ್ತಾಪ ಅಪರೂಪ. ಆದರೆ ಆಳುವವರು ಬದಲಾದಾಗ ಹಳೆಯ ಅನ್ಯಾಯವನ್ನು ಹೊಸ ಅನ್ಯಾಯವಾಗದಂತೆ ಸರಿಪಡಿಸುವ ಕೆಲಸದ ಕಷ್ಟವೆಲ್ಲ ಅದರಲ್ಲೇ ಇದೆ.

ಗೇಣಿ ಶಾಸನ

ಜಪ್ತಿಯಾದ ಜಮೀನು ಮರಳಿದ್ದು ಖಾತೆದಾರರಿಗೆ. ಅದೇ ಜಮೀನನ್ನು ಗೇಣಿಗೆ ಮಾಡುತ್ತಿದ್ದವನ ಸ್ಥಿತಿ ಅದರಿಂದ ಬದಲಾಗಲಿಲ್ಲ. ಜಿಲ್ಲೆಯ ಗೇಣಿದಾರರನ್ನು ಸಂಘಟಿಸಿದವರಲ್ಲಿ ಪ್ರಮುಖರು ದಿನಕರ ದೇಸಾಯಿ. ಚುಟುಕುಗಳಿಂದ ಕನ್ನಡಿಗರಿಗೆಲ್ಲ ಪರಿಚಿತರಾದ ಈ ಭಾರತ ಸೇವಕ ಸಮಾಜದ ಕಾರ್ಯಕರ್ತ ರೈತ ಚಳವಳಿಯ ಕಾರಣಕ್ಕೆ ಜಿಲ್ಲೆಯಿಂದ ಗಡೀಪಾರೂ ಆದರು.

1948ರ ಮುಂಬಯಿ ಗೇಣಿ ಮತ್ತು ಕೃಷಿಭೂಮಿ ಕಾಯ್ದೆ ನೀರಾವರಿ ಜಮೀನಿನ ಗೇಣಿಯನ್ನು ಬೆಳೆಯ ನಾಲ್ಕನೇ ಒಂದು ಪಾಲಿಗೆ, ಉಳಿದದ್ದರ ಗೇಣಿಯನ್ನು ಮೂರನೇ ಒಂದಕ್ಕೆ ಮಿತಿಗೊಳಿಸಿತು. ಸಿದ್ದಾಪುರದ ಗಡಿ ದಾಟಿದರೆ ಸಿಗುವ ಸಾಗರ ತಾಲ್ಲೂಕು ಆಗ ಮೈಸೂರು ರಾಜ್ಯದ್ದು. ಅಲ್ಲಿನ ಕಾಗೋಡಿನ ರೈತರು 1951ರಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರದ ಜಗಳದಿಂದ ಸತ್ಯಾಗ್ರಹಕ್ಕೆ ಹೊರಟರು. ಎರಡು ಕಡೆಯೂ ಅದೇ ಅಡಿಕೆ, ಅದೇ ಭತ್ತ, ಬಹುಮಟ್ಟಿಗೆ ಅದೇ ಜಾತಿಯ ಒಡೆಯರು ಮತ್ತು ಅದೇ ಜಾತಿಯ ಗೇಣಿದಾರರು. ಬೇರೆಯಾಗಿದ್ದದ್ದು ಕಾನೂನು ಮಾತ್ರ.

ಕಾಗೋಡು ಸತ್ಯಾಗ್ರಹ ನಡೆದ ವರ್ಷವೇ, 1951ರ ಜೂನ್ 18ರಂದು, ಸಂವಿಧಾನದ ಮೊದಲ ತಿದ್ದುಪಡಿ ಜಾರಿಗೆ ಬಂತು. ಅದು ಒಂಬತ್ತನೆಯ ಅನುಸೂಚಿಯನ್ನು ಸೃಷ್ಟಿಸಿತು: ಅಲ್ಲಿ ಹೆಸರಿಸಿದ ಕಾಯ್ದೆಯನ್ನು ಮೂಲಭೂತ ಹಕ್ಕಿನ ನೆಪದಲ್ಲಿ ಕೋರ್ಟು ರದ್ದು ಮಾಡುವಂತಿರಲಿಲ್ಲ. ಮೊದಲು ಸೇರಿದ 13 ಕಾಯ್ದೆಗಳಲ್ಲಿ ಎರಡನೆಯದೇ 1948ರ ಮುಂಬಯಿ ಗೇಣಿ ಕಾಯ್ದೆ. ಹೀಗೆ ಸಂವಿಧಾನಕ್ಕೆ ಒಂದೂವರೆ ವರ್ಷ ತುಂಬುವ ಮೊದಲೇ ಯಲ್ಲಾಪುರದ ಗೇಣಿದಾರನ ರಕ್ಷಣೆಗೆ ಅದನ್ನು ತಿದ್ದಿದಂತಾಯಿತು.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಗೇಣಿದಾರರ ಮಟ್ಟಿಗೆ ಏಕೀಕರಣ ನಷ್ಟದ ಬಾಬತ್ತಾಯಿತು ಎಂದೇ ಹೇಳಬೇಕು. ಮುಂಬಯಿ ರಾಜ್ಯ ತನ್ನ ಕಾಯ್ದೆಗೆ ತಿದ್ದುಪಡಿ ತಂದು 1957ರ ಏಪ್ರಿಲ್ 1ರಿಂದ ಗೇಣಿದಾರರನ್ನೇ ಭೂಮಿಯ ಖರೀದಿದಾರರೆಂದು ಭಾವಿಸುವ ಏರ್ಪಾಟು ಮಾಡಿತ್ತು. ಅಷ್ಟರಲ್ಲಿ ರಾಜ್ಯ ಬದಲಾಗಿದ್ದರಿಂದ ಶಿರಸಿಯವರಿಗೆ ಆ ದಿನ ಬರಲೇ ಇಲ್ಲ. ಬಿ. ಡಿ. ಜತ್ತಿ ಅವರ ಸಮಿತಿ ವರದಿ ಕೊಟ್ಟು, 1961ರ ಮೈಸೂರು ಭೂಸುಧಾರಣಾ ಕಾಯ್ದೆ ರೂಪುಗೊಂಡು, ಅದು ಜಾರಿಗೆ ಬರುವಾಗ 1965ರ ಅಕ್ಟೋಬರ್ 2.

ಕಾಸರಗೋಡಿನ ಎರಡು ಮೊಕದ್ದಮೆಗಳು

ಇಷ್ಟರ ನಡುವೆ ಭೂಸುಧಾರಣೆಯ ಸಾಂವಿಧಾನಿಕ ಅಳತೆಗೋಲು ನಿರ್ಧಾರವಾದದ್ದು ಕೇರಳಕ್ಕೆ ಸೇರಿದ ಇನ್ನೊಂದು ಕನ್ನಡ ಸೀಮೆಯಿಂದ. 1957ರ ಏಪ್ರಿಲ್‌ನಲ್ಲಿ ಕೇರಳದಲ್ಲಿ ಇ. ಎಂ. ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರ್ಕಾರ ಅಧಿಕಾರಕ್ಕೆ ಬಂದು ಕೃಷಿ ಸಂಬಂಧಗಳ ಮಸೂದೆ ತಂದಿತು. 1959ರ ಜುಲೈ 31ರಂದು ಕೇಂದ್ರ ಆ ಸರ್ಕಾರವನ್ನು ವಜಾ ಮಾಡಿದರೂ ಮಸೂದೆ ಸಾಯಲಿಲ್ಲ. ಬದಲಾವಣೆಗಳೊಂದಿಗೆ 1961ರಲ್ಲಿ ಕಾಯ್ದೆಯಾಯಿತು. ಹೊಸದುರ್ಗ, ಕಾಸರಗೋಡು ತಾಲ್ಲೂಕುಗಳ ಜಮೀನುದಾರರ ಅರ್ಜಿಗಳ ಮೇಲೆ, ಕರಿಂಬಿಲ್ ಕುಂಞಿಕೋಮನ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಅದೇ ವರ್ಷ ಡಿಸೆಂಬರಿನಲ್ಲಿ ಆ ಕಾಯ್ದೆಯನ್ನು ಅಲ್ಲಿನ ರಯತವಾರಿ ಭೂಮಿಯ, ಅಂದರೆ ಖಾತೆದಾರ ನೇರ ಸರ್ಕಾರಕ್ಕೆ ಕಂದಾಯ ಕಟ್ಟುವ ಭೂಮಿಯ, ಮಟ್ಟಿಗೆ ತಳ್ಳಿಹಾಕಿತು. ತೀರ್ಪಿನ ಒಂದು ಆಧಾರ ಶಿರಸಿಯ ತೋಟಿಗರೂ ಕಿವಿಗೊಡಬೇಕಾದದ್ದು: ಚಹಾ, ಕಾಫಿ, ರಬ್ಬರ್ ತೋಟಗಳಿಗೆ ವಿನಾಯಿತಿ ಕೊಟ್ಟು ಅಡಿಕೆ, ಕಾಳುಮೆಣಸಿನ ತೋಟಗಳಿಗೆ ಕೊಡದಿರುವುದು ಸಮಾನತೆಗೆ ವಿರುದ್ಧ ಎಂದಿತು ಕೋರ್ಟು. ಸಂಸತ್ತಿನ ಉತ್ತರ 1964ರ ಹದಿನೇಳನೆಯ ತಿದ್ದುಪಡಿ. ಭೂಸುಧಾರಣಾ ಕಾಯ್ದೆಗಳಿಗೆ ಸಂವಿಧಾನ ಕೊಟ್ಟ ರಕ್ಷಣೆಯ ವ್ಯಾಪ್ತಿಗೆ ರಯತವಾರಿ ಜಮೀನೂ ಬಂತು, ಮೈಸೂರಿನ ಕಾಯ್ದೆಯೂ ಒಂಬತ್ತನೆಯ ಅನುಸೂಚಿಗೆ ಹೋಯಿತು. ಕರ್ನಾಟಕದ ಕಾಯ್ದೆಯ ತೋಟಗಾರಿಕಾ ವಿನಾಯಿತಿಯ ಪಟ್ಟಿಯಲ್ಲಿ ಕಾಳುಮೆಣಸಿಗೆ ಜಾಗ ಸಿಕ್ಕಿತು, ಅದು ಹಬ್ಬುವ ಅಡಿಕೆ ಮರಕ್ಕೆ ಸಿಗಲಿಲ್ಲ.

ಆ ತಿದ್ದುಪಡಿಯನ್ನೇ ಪ್ರಶ್ನಿಸಿದ ಮೊಕದ್ದಮೆಯಲ್ಲಿ ಬಂದ 1967ರ ಫೆಬ್ರುವರಿ 27ರ ಗೋಲಕನಾಥ್ ತೀರ್ಪು ಪಂಜಾಬಿನದೆಂದೇ ಪ್ರಸಿದ್ಧ. ಅದರ ಜೊತೆಗೆ ವಿಚಾರಣೆಗೆ ಬಂದ ಅರ್ಜಿಗಳಲ್ಲಿ ಎರಡು ಮೈಸೂರು ಭೂಸುಧಾರಣಾ ಕಾಯ್ದೆಯ ವಿರುದ್ಧದವು. ಮೂಲಭೂತ ಹಕ್ಕನ್ನು ಮೊಟಕುಗೊಳಿಸಲು ಸಂಸತ್ತಿಗೆ ಅಧಿಕಾರವಿಲ್ಲ ಎಂದು ಆರು ನ್ಯಾಯಾಧೀಶರು ಹೇಳಿದರು, ಐವರು ಒಪ್ಪಲಿಲ್ಲ. ತೀರ್ಪು ಮುಂದಿನ ಕಾಲಕ್ಕೆ ಮಾತ್ರ ಅನ್ವಯ ಎಂದದ್ದರಿಂದ ಮೈಸೂರಿನ ಕಾಯ್ದೆ ಉಳಿಯಿತು.

ಎರಡನೆಯ ಕಾಸರಗೋಡು ಮೊಕದ್ದಮೆ ಎಡನೀರು ಮಠದ್ದು. ತಿದ್ದುಪಡಿಗೊಂಡ ಕೇರಳ ಭೂಸುಧಾರಣಾ ಕಾಯ್ದೆಯ ವಿರುದ್ಧ ಕೇಶವಾನಂದ ಭಾರತೀ ಸ್ವಾಮಿಗಳು 1970ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಕೇರಳದ ಮುಖ್ಯಮಂತ್ರಿ ಸಿಪಿಐನ ಸಿ. ಅಚ್ಯುತ ಮೆನನ್. 13 ನ್ಯಾಯಾಧೀಶರ ಪೀಠ 68 ದಿನ ವಾದ ಕೇಳಿ 1973ರ ಏಪ್ರಿಲ್ 24ರಂದು ತೀರ್ಪಿತ್ತಿತು. ಭೂಮಿಯ ವಿಷಯದಲ್ಲಿ ಮಠಕ್ಕೆ ಪರಿಹಾರ ದಕ್ಕಲಿಲ್ಲ. ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸಂರಚನೆಯನ್ನು ಕೆಡಿಸುವಂತಿಲ್ಲ ಎಂಬ ಸಿದ್ಧಾಂತ ಮಾತ್ರ ದೇಶಕ್ಕೆ ದಕ್ಕಿತು. ಬಹುಮತದ ಏಳು ಮಂದಿಯಲ್ಲಿ ದಕ್ಷಿಣ ಕನ್ನಡದ ಕೆ. ಎಸ್. ಹೆಗ್ಡೆಯವರಿದ್ದರು, ತೀರ್ಪಿನ ಬೆನ್ನಿಗೇ ಜ್ಯೇಷ್ಠತೆಯಲ್ಲಿ ಮುಂದಿದ್ದ ಅವರನ್ನೂ ಇನ್ನಿಬ್ಬರನ್ನೂ ಬದಿಗಿಟ್ಟು ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು.

ಡಿಕ್ಲರೇಶನ್ ಕಾಲ

ದೇವರಾಜ ಅರಸರ ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಗಿ, ಗೇಣಿಯ ಭೂಮಿ ಸರ್ಕಾರಕ್ಕೆ ಸೇರಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ, ಅಂದರೆ ಡಿಕ್ಲರೇಶನ್, ಹಾಕಬೇಕಿತ್ತು, ತಾಲ್ಲೂಕಿನ ಭೂನ್ಯಾಯಮಂಡಳಿ ತೀರ್ಮಾನಿಸಬೇಕಿತ್ತು. ಕೊನೆಯ ಗಡುವು 1979ರ ಜೂನ್ 30. ಮಂಡಳಿಯ ಮುಂದೆ ವಕೀಲರು ಬರುವಂತಿಲ್ಲ ಎಂದು ಕಾಯ್ದೆ ವಿಧಿಸಿತ್ತು. ಸಾಕ್ಷಿ ಪುರಾವೆ ಬಲ್ಲ ಒಡೆಯನ ಎದುರು ಗೇಣಿದಾರ ಸೋಲಬಾರದೆಂಬುದು ಆಶಯ. ಗೇಣಿ ಚೀಟಿಯೇ ಇಲ್ಲದ ಗೇಣಿದಾರನಿಗೆ ಅದರಿಂದ ಅನುಕೂಲವೂ ಆಯಿತು, ಗಂಡನ ಮರಣಾನಂತರ ತುಂಡು ಗದ್ದೆಯನ್ನು ಗೇಣಿಗೆ ಕೊಟ್ಟಿದ್ದ ವಿಧವೆಯರಂಥ ಸಣ್ಣ ಒಡೆಯರಿಗೆ ಪೆಟ್ಟೂ ಬಿತ್ತು. 1987ರಲ್ಲಿ ಎಚ್. ಎಸ್. ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿದು, ವಕೀಲರ ಮೇಲಿನ ನಿರ್ಬಂಧವನ್ನು ಮಾತ್ರ ರದ್ದು ಮಾಡಿತು. ಆಸ್ತಿಯ ಹಕ್ಕು ಅಷ್ಟರಲ್ಲಿ ಮೂಲಭೂತ ಹಕ್ಕಾಗಿ ಉಳಿದಿರಲಿಲ್ಲ. 1978ರ ನಲವತ್ತನಾಲ್ಕನೆಯ ತಿದ್ದುಪಡಿ ಅದನ್ನು 300ಎ ವಿಧಿಗೆ ಇಳಿಸಿತ್ತು.

ಕಮ್ಯುನಿಸ್ಟೋತ್ತರ ದೇಶಗಳಲ್ಲಿ

ಪೂರ್ವ ಯೂರೋಪಿನಲ್ಲಿ ಭೂಮಿಯ ಚಲನೆ ವಿರುದ್ಧ ದಿಕ್ಕಿನದು. ಇಲ್ಲಿ ಒಡೆಯನಿಂದ ಉಳುವವನಿಗೆ ಹೋದ ಭೂಮಿ ಅಲ್ಲಿ ಸರ್ಕಾರ ಮತ್ತು ಸಾಮೂಹಿಕ ಬೇಸಾಯ ಸಂಘಗಳಿಂದ ಹಳೆಯ ಒಡೆಯರ ಮಕ್ಕಳು ಮೊಮ್ಮಕ್ಕಳಿಗೆ ಹೋಗಬೇಕಿತ್ತು. ಜೆಕೊಸ್ಲೊವಾಕಿಯಾ 1991ರಲ್ಲಿ, 1948ರ ಫೆಬ್ರುವರಿ 25ರ ನಂತರ ಕಸಿದ ಜಮೀನನ್ನು ಮರಳಿಸುವ ಕಾಯ್ದೆ ಮಾಡಿತು. ಹಂಗೇರಿಯ ಸಂವಿಧಾನ ನ್ಯಾಯಾಲಯ ಭೂಮಿ ಕಳೆದುಕೊಂಡವರಿಗೆ ಮಾತ್ರ ವಿಶೇಷ ಉಪಚಾರ ಸಲ್ಲದು ಎಂದು 1990ರಲ್ಲಿ ಹೇಳಿದ್ದರಿಂದ ಆ ದೇಶ ಪರಿಹಾರ ಪತ್ರಗಳ ದಾರಿ ಹಿಡಿಯಿತು. ಅದು 1949ರ ಸಂವಿಧಾನವನ್ನೇ ತಿದ್ದಿ ತಿದ್ದಿ 2011ರವರೆಗೆ ಬಳಸಿತು. ಪೋಲೆಂಡಿಗೆ ಪೂರ್ಣ ಸಂವಿಧಾನ ಸಿಕ್ಕಿದ್ದು 1997ರಲ್ಲಿ. ರಷ್ಯಾದ 1993ರ ಸಂವಿಧಾನ ಖಾಸಗಿ ಭೂ ಒಡೆತನವನ್ನು ಒಪ್ಪಿದರೂ ಕೃಷಿಭೂಮಿಯ ಮಾರಾಟಕ್ಕೆ ಕಾಯ್ದೆ ಬಂದದ್ದು 2002ರಲ್ಲಿ. ಸಂವಿಧಾನದಲ್ಲಿ ಬರೆದ ಮಾತ್ರಕ್ಕೆ ಪಹಣಿ ಬದಲಾಗದು ಎಂಬುದು ಘಟ್ಟದ ಮೇಲಿನವರಿಗೆ ಗೊತ್ತಿರುವ ಸಂಗತಿ.

ತಿದ್ದುಪಡಿಯ ಮಿತಿಯ ಪ್ರಶ್ನೆಯೂ ಅಲ್ಲಿ ಎದ್ದಿತು. 2009ರಲ್ಲಿ ಜೆಕ್ ನ್ಯಾಯಾಲಯ, 2019ರಲ್ಲಿ ಸ್ಲೊವಾಕ್ ನ್ಯಾಯಾಲಯ ತಮ್ಮ ಸಂಸತ್ತುಗಳು ಅಂಗೀಕರಿಸಿದ ಸಾಂವಿಧಾನಿಕ ಕಾಯ್ದೆಗಳನ್ನೇ ರದ್ದುಪಡಿಸಿದವು. ಇದನ್ನು ಎಡನೀರಿನ ಎರವಲು ಎನ್ನಲಾಗದು. ಅವಕ್ಕೆ ಹತ್ತಿರದ ಮಾದರಿ ಜರ್ಮನಿಯದು.

ಬೆಟ್ಟ ಮತ್ತು ಅತಿಕ್ರಮಣ

ಗೇಣಿ ಶಾಸನದ ಹೊರಗೇ ಉಳಿದದ್ದು ಕಾಡು. ಬ್ರಿಟಿಷರ ಕಾಲದಲ್ಲಿ ಒಂದೆಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನಬೆಟ್ಟದ ಸವಲತ್ತು ಸಿಕ್ಕಿತು. ಅದು ಒಡೆತನವಲ್ಲ, ಸೊಪ್ಪು ದರಕು ತರುವ ಹಕ್ಕು. ಕಾಡಂಚಿನಲ್ಲಿ ಗದ್ದೆ ಮಾಡಿಕೊಂಡ ಬಡವರಿಗೆ ಅಷ್ಟೂ ಇರಲಿಲ್ಲ. 1976ರ ನಲವತ್ತೆರಡನೆಯ ತಿದ್ದುಪಡಿ ಅರಣ್ಯವನ್ನು ಸಮವರ್ತಿ ಪಟ್ಟಿಗೆ ತಂದಿತು, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ರಾಜ್ಯ ಸರ್ಕಾರ ತಾನಾಗಿ ಅತಿಕ್ರಮಣ ಸಕ್ರಮ ಮಾಡುವ ದಾರಿ ಮುಚ್ಚಿತು. 2006ರ ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡದವರಿಗೆ 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನ ಸಾಕು ಎನ್ನುತ್ತದೆ, ಉಳಿದವರು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಿದ್ದದ್ದಕ್ಕೆ ಪುರಾವೆ ಕೊಡಬೇಕು. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಹೀಗಾಗಿ ಯಲ್ಲಾಪುರದ ಒಂದೇ ಕಾಡಂಚಿನ ಎರಡು ಮನೆಗಳಲ್ಲಿ ಸಿದ್ದಿ ಕುಟುಂಬ ಸ್ವಾಧೀನದ ದಾಖಲೆ ಹಿಡಿದು ಗ್ರಾಮಸಭೆಗೆ ಹೋಗುತ್ತದೆ, ಪಕ್ಕದ ಮನೆಯವರು 1930ರ ಕಾಗದ ಹುಡುಕಿಕೊಂಡು ಶಿರಸಿಯ ಉಪವಿಭಾಗಾಧಿಕಾರಿ ಕಚೇರಿಗೆ ಅಲೆಯುತ್ತಾರೆ.